ಮಂಗಳಕ್ಕನ ಹೊಂಬಾಳೆ ರವಿಕೆ

ಬಹುಮಾನ ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಹಾಳು ಮಾತಿನಿಂದಲೇ ನಮ್ಮ ಮಂಗಳಕ್ಕನ ಹೊಲಿಗೆ ಮಷೀನು ಮನೆ ಬಿಟ್ಟು ಹೋಗುವುದರಲ್ಲಿತ್ತು. ಮಷೀನು ತುಳಿದರೆ ಅವಳ ಮನೆಯ ಒಲೆ ಉರಿಯುತ್ತಿತ್ತು, ತುಳಿಯದಿದ್ದರೆ ಇಲ್ಲ. ಅಷ್ಟು ಸಲೀಸಾದ ಲೆಕ್ಕವನ್ನು ತಲೆಕೆಳಗು ಮಾಡಲು ಒಬ್ಬ ಸಿಹಿ ಮಾತಿನ ಗಂಡಸಿಗೆ ಒಂದು ವಾರ ಸಾಕಾಯಿತು.

ಮಂಗಳಕ್ಕ ಅಂದರೆ ಸರ್ವಮಂಗಳಮ್ಮ, ನನ್ನ ವಾರಗಿತ್ತಿ. ಅವಳ ಗಂಡ ಷಡಕ್ಷರಿ ಭಾವ ದೊಡ್ಡವರು, ನನ್ನ ಗಂಡ ಸೋಮಶೇಖರ್ ಚಿಕ್ಕವರು. ಗುಬ್ಬಿಯ ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಸಂಸಾರ ಮಾಡಿಕೊಂಡಿದ್ದೆವು. ಗೋಡೆಯೇನೋ ಎದ್ದಿತು, ಆದರೆ ಒಗ್ಗರಣೆಯ ವಾಸನೆ, ಗಂಡ ಹೆಂಡಿರ ಜಗಳ, ಮಷೀನಿನ ಸದ್ದು ಯಾವುದಕ್ಕೂ ಅದು ಅಡ್ಡ ಬರಲಿಲ್ಲ. ಬೆಳಿಗ್ಗೆ ಆ ಮಷೀನಿನ ಸದ್ದು ಕೇಳಿದರೇನೇ ನನಗೆ ದಿನ ಶುರುವಾದ ಹಾಗೆ.

ಅವಳ ತವರು ಕುಣಿಗಲ್ ಕಡೆಯ ಒಂದು ಹಳ್ಳಿ. ತೊಂಬತ್ತರ ದಶಕದ ಶುರುವಿನಲ್ಲಿ ಸೊಸೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸುವುದು ಬಿಟ್ಟರೆ ಅವಳಿಗೆ ಏನೂ ಬರುತ್ತಿರಲಿಲ್ಲವಂತೆ. ಯಾವ ಟೈಲರಿಂಗ್ ಕ್ಲಾಸಿಗೂ ಹೋದವಳಲ್ಲ. ಅತ್ತೆಯ ಹಳೇ ರವಿಕೆಗಳನ್ನು ಬಿಚ್ಚಿ ನೆಲದ ಮೇಲೆ ಹರಡಿ, ತೋಳು ಎಲ್ಲಿ ಕೂಡುತ್ತದೆ, ಟಕ್ಸ್ ಎಲ್ಲಿ ಹಿಡಿದಿದ್ದಾರೆ ಅಂತ ನೋಡಿ, ಮತ್ತೆ ಹಾಗೇ ಹೊಲಿದು ಕಲಿತಳು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಧಾರೆಯ ರವಿಕೆಯನ್ನೂ ಬಿಚ್ಚಿ ಹಾಕಿದಳು, ಪುಣ್ಯಾತ್ಗಿತ್ತಿ. ನಾನು ಅಳು ಮುಖ ಮಾಡಿದರೆ, "ಬಿಚ್ಚಿ ನೋಡ್ದೆ ಹೊಲ್ಗೆ ಬರಲ್ಲ ಕಣೇ ಶಾಂತಲಾ. ಬೆಂಗ್ಳೂರ್ ಟೈಲರ್ರು ಒಳಗೆ ಏನ್ ಮೋಸ ಮಾಡವ್ನೆ ನೋಡು" ಅಂದಳು. ನಿಜಕ್ಕೂ ಮಾಡಿದ್ದ. ಲೈನಿಂಗ್ ಅರ್ಧಕ್ಕೇ ನಿಂತಿತ್ತು.

ಷಡಕ್ಷರಿ ಭಾವ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಒಂದು ಸಂಜೆ ನಿಟ್ಟೂರಿನಿಂದ ಮೊಪೆಡ್ಡಿನಲ್ಲಿ ಬರುವಾಗ ಟ್ರ್ಯಾಕ್ಟರು ತಾಗಿ ಬಲಗಾಲಿಗೆ ಪೆಟ್ಟಾಯಿತು. ಕಾಲು ಉಳಿಯಿತು, ಕೆಲಸ ಉಳಿಯಲಿಲ್ಲ. ಕೆಲವು ತಿಂಗಳು ಗೋಡೆ ನೋಡುತ್ತಾ ಮಲಗಿದ್ದವರು ಒಂದು ದಿನ ತಾವೇ ಎದ್ದು ಕೂತು, "ಆ ರವಿಕೆ ಇಲ್ ಕೊಡು, ಹುಕ್ ನಾನ್ ಹಾಕ್ತೀನಿ" ಅಂದರು. ಅಂದಿನಿಂದ ಹುಕ್ಕು, ಕಾಜಾ, ಹೆಮ್ಮಿಂಗ್ ಎಲ್ಲ ಅವರದೇ. ಗಂಡಸು ರವಿಕೆಗೆ ಹುಕ್ಕು ಹಾಕುತ್ತಾನೆ ಅಂತ ಬೀದಿಯಲ್ಲಿ ನಕ್ಕವರಿಗೆ ನಾನೇ ಹೋಗಿ, "ನಿಮ್ಮನೇಲಿ ಕೂತ್ ತಿನ್ನೋ ಗಂಡಸ್ರಿಗಿಂತ ವಾಸಿ" ಅಂದು ಬಂದಿದ್ದೆ.

ಮಂಗಳಕ್ಕನ ಒಂದು ನೇಮವಿತ್ತು. ಅವಳ ಮನೆಯಿಂದ ರವಿಕೆ ಎಂದೂ ಬರಿದಾಗಿ ಹೊರಟದ್ದಿಲ್ಲ. ಹಬ್ಬಕ್ಕೆ ರವಿಕೆ ಕಣ ಕೊಡುವಾಗ ಅರಿಶಿನ ಕುಂಕುಮ ಇಡುವುದು ಎಲ್ಲ ಮನೆಯಲ್ಲೂ ಇರುವುದೇ. ಇವಳು ಹೊಲಿದು ಕೂಲಿ ತೆಗೆದುಕೊಂಡ ರವಿಕೆಯ ಮಡಿಕೆಯೊಳಗೂ ಒಂದು ಅರಿಶಿನದ ಕೊಂಬು, ಕಾಗದದಲ್ಲಿ ಚಿಟಿಕೆ ಕುಂಕುಮ, ಒಂದು ಅಡಿಕೆ ಇಟ್ಟು ಕೊಡುತ್ತಿದ್ದಳು. ಗಂಡ ತೀರಿಕೊಂಡವರಿಗೂ ಅಷ್ಟೇ. ಯಾರಾದರೂ ಕೊಂಕು ನುಡಿದರೆ, "ಮೈಮೇಲೆ ಹಾಕ್ಕೊಳ್ಳೋ ಬಟ್ಟೆ, ಬರಿದಾಗ್ ಕೊಡ್ಬಾರ್ದು" ಅನ್ನುತ್ತಿದ್ದಳು. ಈ ನೇಮವನ್ನು ನಾನು ಬೇಕಾದಷ್ಟು ಆಡಿಕೊಂಡಿದ್ದೇನೆ. ಕಡೆಗೆ ಆ ಮನೆಯನ್ನು ಉಳಿಸಿದ್ದು ಅದೇ.

ಎರಡು ಸಾವಿರದ ನಾಲ್ಕನೇ ಇಸವಿ. ಗುಬ್ಬಿ ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಗುಲಾಬಿ ಬಣ್ಣದ ಪೋಸ್ಟರು ಬಿದ್ದವು. ಕೇಬಲ್ ಟಿವಿಯಲ್ಲಿ ಸಿನಿಮಾದ ಕೆಳಗೆ ಅದೇ ಸಾಲು ಓಡುತ್ತಿತ್ತು. ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕಿನ ಮಹಿಳೆಯರಿಗೆ ರವಿಕೆ ಹೊಲಿಗೆ ಸ್ಪರ್ಧೆ. ಹೊಲಿದ ಒಂದು ರವಿಕೆಯನ್ನು ಪಾರ್ಸಲ್ ಮಾಡಬೇಕು, ಪ್ರವೇಶ ಶುಲ್ಕವನ್ನು ಮನಿಯಾರ್ಡರ್ ಮಾಡಬೇಕು. ಮೊದಲ ಬಹುಮಾನ ಕರೆಂಟಿನ ಎಂಬ್ರಾಯಿಡರಿ ಮಷೀನು, ಜೊತೆಗೆ ವೇದಿಕೆಯ ಮೇಲೆ ಸನ್ಮಾನ. ಕಚೇರಿ ತುಮಕೂರಿನ ಶಿರಾ ಗೇಟ್ ಹತ್ತಿರ.

ಮಂಗಳಕ್ಕನಿಗಿಂತ ಭಾವನಿಗೇ ಹುಚ್ಚು ಹಿಡಿಯಿತು. "ನಿನ್ ಕೈ ಕೆಲಸ ಈ ಗುಬ್ಬೀಲೇ ಕೊಳೀಬೇಕಾ? ಕಳ್ಸು ಮಂಗಳಾ" ಅಂತ ದಿನವೂ ಹಠ. ಅವಳು ಒಪ್ಪಿದಳು. ಗಿರಾಕಿಗಳ ರವಿಕೆ ಹೊಲಿದು ಮಿಕ್ಕ ಚೂರುಗಳ ಮೂಟೆಯನ್ನೇ ಸುರಿದುಕೊಂಡು ಕೂತಳು. ಹಸಿರು ಬಟ್ಟೆಯ ಬೆನ್ನ ಮೇಲೆ ತೆಂಗಿನ ಹೊಂಬಾಳೆ ಒಡೆದು ಹರಡಿಕೊಂಡ ಹಾಗೆ ಹಳದಿ, ಕೆನೆ, ಹೊಂಬಣ್ಣದ ಸಣ್ಣ ಸಣ್ಣ ಚೂರು ಕೂಡಿಸಿ ಹೊಲಿದಳು. ದಾರದ ಕಸೂತಿ ಒಂದೆಳೆಯೂ ಇಲ್ಲ, ಬರೀ ತುಂಡುಗಳು. ಭಾವ ಅದಕ್ಕೆ ಹುಕ್ಕು ಹಾಕುವಾಗ ಕೈ ಎರಡೆರಡು ಸಲ ತೊಳೆದುಕೊಂಡರು. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಮಡಿಸಿ ಇಡುವಾಗ ಅದರೊಳಗೂ ಅರಿಶಿನದ ಕೊಂಬು, ಅಡಿಕೆ, ಕುಂಕುಮದ ಪೊಟ್ಟಣ ಸೇರಿಸಿದಳು.

"ಅಕ್ಕಾ, ಇದು ಸ್ಪರ್ಧೆ, ಬಾಗಿನ ಅಲ್ಲ. ಪೊಟ್ಟಣ ಒಡೆದು ಕುಂಕುಮ ಚೆಲ್ಲಿದ್ರೆ ರವಿಕೆ ಕೆಟ್ಟೋಗುತ್ತೆ, ಮಾರ್ಕ್ಸ್ ಕಟ್ ಆಗುತ್ತೆ" ಅಂದೆ.

ಅವಳು ಪೊಟ್ಟಣಕ್ಕೆ ಇನ್ನೊಂದು ಕಾಗದ ಸುತ್ತಿ, "ಬಿಚ್ಚೋರೂ ಯಾರ್ದೋ ಮನೆ ಹೆಣ್ಮಗಳೇ ಇರ್ತಾಳೆ ಬುಡು" ಅಂದಳು. ಪಾರ್ಸಲಿಗೆ ಬಿಳಿ ಬಟ್ಟೆಯ ಹೊದಿಕೆ ಹಾಕಿ, ತನ್ನದೇ ಒತ್ತು ಹೊಲಿಗೆಯಲ್ಲಿ ನಾಲ್ಕೂ ಬದಿ ಮುಚ್ಚಿದಳು. ಮೇಲೆ ಹೆಸರು, ವಿಳಾಸ, ನಮ್ಮ ಮನೆಯ ಫೋನ್ ನಂಬರು ಬರೆದವಳು ನಾನು. ಕಳಿಸಿದ ಮೇಲೂ ಅವಳಿಗೆ ಒಂದೇ ಚಿಂತೆ. ಕಾಫಿ ಕುಡಿಯುವಾಗಲೂ, ಬಟ್ಟೆ ಕತ್ತರಿಸುವಾಗಲೂ, "ಕುಂಕುಮ ಚೆಲ್ಲಿರ್ತದಾ?" ಅನ್ನುತ್ತಿದ್ದಳು.

ಫೋನು ಬಂದದ್ದು ನಮ್ಮ ಮನೆಗೆ. ತಾನು ಕಾಂತೇಶ್, ಸ್ಪರ್ಧೆಯ ಮ್ಯಾನೇಜರ್ ಅಂದ. ದನಿ ಎಂಥದು ಅಂತೀರಿ, ಬೆಲ್ಲದ ಪಾಕ. ಮಂಗಳಕ್ಕನನ್ನು ಕೂಗಿ ಕರೆದೆ. ಅವಳು ಫೋನ್ ಹಿಡಿದು ನಿಂತಲ್ಲೇ ಕೂತುಬಿಟ್ಟಳು. ಮೊದಲ ಬಹುಮಾನ! ಮಷೀನು ಮನೆ ಬಾಗಿಲಿಗೇ ಬರುತ್ತದೆ, ಆದರೆ ತೆರಿಗೆ ಮತ್ತು ಸಾಗಣೆಯ ಖರ್ಚನ್ನು ಮುಂದಿನ ಶನಿವಾರದೊಳಗೆ ಬ್ಯಾಂಕಿಗೆ ಕಟ್ಟಬೇಕು. ಅವನು ಹೇಳಿದ ಮೊತ್ತ ಅವಳ ಮಷೀನು ಮಾರಿದರೂ ಸಾಲದಷ್ಟಿತ್ತು. ಸನ್ಮಾನದ ದಿನದವರೆಗೂ ಯಾರಿಗೂ ಹೇಳಬೇಡಿ, ಸೋತವರು ಗಲಾಟೆ ಮಾಡುತ್ತಾರೆ ಅಂತಲೂ ಎಚ್ಚರಿಸಿದ.

"ಅಕ್ಕಾ, ಬಹುಮಾನ ಅಂದ್ರೆ ಕೊಡೋದು. ಇವನು ಕೇಳ್ತಿದಾನಲ್ಲ!" ಅಂದೆ.

"ಸರ್ಕಾರದ ಟ್ಯಾಕ್ಸು ಇರಲ್ವೇನಮ್ಮ? ಮಂಡೀಲೂ ಇರುತ್ತೆ" ಅಂದರು ಭಾವ.

"ಇದ್ರೆ ಬಹುಮಾನದಲ್ಲೇ ಹಿಡ್ಕೊಳ್ಳಲಿ. ಯಾರ್ಗೂ ಹೇಳ್ಬೇಡಿ ಅನ್ನೋದ್ಯಾಕೆ? ಕೊಡೋ ಕೈ ಊರಿಗೆಲ್ಲ ಕಾಣ್ಲಿ ಅಂತ ಅಲ್ವಾ ಸನ್ಮಾನ ಮಾಡೋದು?"

ಮಂಗಳಕ್ಕ ನನ್ನನ್ನೇ ನೋಡಿದಳು. "ನಾನ್ ಗೆಲ್ಲೋವಷ್ಟು ಹೊಲ್ದಿಲ್ಲ ಅಂತೀಯಾ?" ಅಂತ ಕೇಳಿದಳು.

ಆ ಕಳ್ಳನ ಹೂಟ ಇದ್ದದ್ದು ಅಲ್ಲೇ. ಲಾಟರಿ ಬಂತು ಅಂದಿದ್ದರೆ ನಾವೂ ನಕ್ಕು ಬಿಡುತ್ತಿದ್ದೆವು. ಆದರೆ ನಿಜವಾಗಿ ಚೆನ್ನಾಗಿ ಹೊಲಿದವಳಿಗೆ ನೀನು ಚೆನ್ನಾಗಿ ಹೊಲಿದಿದ್ದೀಯ ಅಂತ ಹೇಳಿದ್ದ. ಅದು ಸುಳ್ಳು ಅನ್ನಬೇಕಾದರೆ ಅವಳ ಕೈಕೆಲಸವನ್ನೇ ಸುಳ್ಳು ಅಂದ ಹಾಗಾಗುತ್ತಿತ್ತು. ಅಷ್ಟು ವರ್ಷ ಬಗ್ಗಿ ಹೊಲಿದವಳಿಗೆ ಮೊದಲ ಸಲ ಯಾರೋ ಶಹಭಾಸ್ ಅಂದಿದ್ದರು. ನಾನು ಯಾವ ಮುಖ ಇಟ್ಟುಕೊಂಡು ಅದನ್ನು ಕಿತ್ತುಕೊಳ್ಳಲಿ?

ನನ್ನ ಗಂಡ ಸರ್ಕಾರಿ ಬಸ್ಸಿನ ಕಂಡಕ್ಟರು. ಡ್ಯೂಟಿಯ ನಡುವೆ ಶಿರಾ ಗೇಟಿಗೆ ಹೋಗಿ ನೋಡಿ ಬನ್ನಿ ಅಂತ ಅಟ್ಟಿದೆ. ಬಂದು, "ಟೈರ್ ಅಂಗಡಿ ಮೇಲೆ ರೂಮು. ಬೋರ್ಡ್ ಐತೆ, ಬೀಗ ಹಾಕೈತೆ" ಅಂದರು. ಭಾವ ಫೋನಿನಲ್ಲಿ ಕಾಂತೇಶನನ್ನು ಕೇಳಿದರೆ ಸಿಬ್ಬಂದಿಯೆಲ್ಲ ಸನ್ಮಾನದ ತಯಾರಿಗೆ ಬೆಂಗಳೂರಿಗೆ ಹೋಗಿದ್ದಾರೆ ಅಂದನಂತೆ. ನನ್ನ ಕಿವಿಗೆ ಬೀಗ ಕೇಳಿಸಿತು, ಭಾವನ ಕಿವಿಗೆ ಬೋರ್ಡು. "ಬೋರ್ಡ್ ಐತಲ್ಲಮ್ಮ, ಮತ್ತೇನು?" ಅಂದರು. ಆಸೆ ಅನ್ನುವುದು ಬೇಕಾದ್ದನ್ನು ಮಾತ್ರ ಕೇಳಿಸುತ್ತದೆ.

ಮೊತ್ತ ಹೊಂದಿಸುವ ದಾರಿಯನ್ನೂ ಕಾಂತೇಶನೇ ತೋರಿಸಿಕೊಟ್ಟ. "ಹೊಸ ಮಷೀನ್ ಬರ್ತಿದೆಯಲ್ಲ ಅಮ್ಮ, ಹಳೇದು ಯಾಕೆ ಜಾಗಕ್ಕೆ ದಂಡ?" ಅಂದನಂತೆ. ಮಾರುವ ಸುದ್ದಿ ಕೇಳಿ ಊರಿಗೆ ಮುಂಚೆ ನಿಟ್ಟೂರಿನ ಹೊನ್ನಯ್ಯ ಬಂದ. ಅವನ ಸೊಸೆಗೆ ಮಷೀನು ಬೇಕಿತ್ತು, ಮಂಗಳಕ್ಕನ ಕೈ ಆಡಿದ ಮಷೀನು ಅಂದರೆ ಕಣ್ಣು ಮುಚ್ಚಿ ಕೊಳ್ಳುವವರು ಗುಬ್ಬಿ ಸುತ್ತ ಬಹಳ ಜನ. ದುಡ್ಡನ್ನು ಮುಂಗಡವಾಗಿಯೇ ಭಾವನ ಕೈಗೆ ಕೊಟ್ಟು, ಶನಿವಾರ ಗಾಡಿ ತರುತ್ತೇನೆ ಅಂದು ಹೋದ. ಮಿಕ್ಕದ್ದಕ್ಕೆ ಅವಳ ಚೀಟಿ ದುಡ್ಡು ಸೇರಿತು. ಆ ವಾರವೆಲ್ಲ ನಾನು ಗೋಡೆಯ ಈಚೆ ಕೂತು ಮಷೀನಿನ ಸದ್ದು ಕೇಳುತ್ತಿದ್ದೆ. ಒಪ್ಪಿಕೊಂಡ ರವಿಕೆಗಳನ್ನೆಲ್ಲ ಮುಗಿಸಿಬಿಡಲು ಅವಳು ಬಿಡುವಿಲ್ಲದೆ ತುಳಿಯುತ್ತಿದ್ದಳು.

ಶನಿವಾರ ಬಂತು. ಬ್ಯಾಂಕು ಅರ್ಧ ದಿನ. ರಾಹುಕಾಲ ಕಳೆಯುತ್ತಲೇ ಹೊನ್ನಯ್ಯನ ಲಗೇಜ್ ಆಟೋ ಬಾಗಿಲಿಗೆ ಬಂದು ನಿಂತಿತು. ಡ್ರೈವರೂ ಹೊನ್ನಯ್ಯನೂ ಸೇರಿ ಮಷೀನು ಹೊತ್ತು ಏರಿಸಿದರು. ಅದು ಇದ್ದ ಜಾಗದಲ್ಲಿ ನೆಲದ ಮೇಲೆ ಎರಡು ಉಜ್ಜಿದ ಗುರುತು, ಸುತ್ತ ದಾರದ ಚೂರು. ಭಾವ ದುಡ್ಡಿನ ಚೀಲವನ್ನು ಎದೆಗೆ ಒತ್ತಿಕೊಂಡು ಊರುಗೋಲು ಹಿಡಿದು ಹೊರಟು ನಿಂತಿದ್ದರು. ಹೊರಗೆ ಹಗ್ಗ ಬಿಗಿಯುತ್ತಿದ್ದರು.

"ಮಷೀನಿಗೆ ಬೇಗ ಕುಂಕುಮ ಇಟ್ಬುಡವ್ವ, ಹೊತ್ತಾಗ್ತದೆ" ಅಂತ ಹೊನ್ನಯ್ಯ ಕೂಗಿದ.

ಮಂಗಳಕ್ಕ ತಟ್ಟೆ ಹಿಡಿದು ಹೊಸಿಲು ದಾಟಿದಳು. ನಾನು ಬಾಗಿಲಲ್ಲಿ ನಿಂತು ಹಲ್ಲು ಕಚ್ಚಿದ್ದೆ. ಕುಂಕುಮಕ್ಕೆ ಬೆರಳು ಅದ್ದಿದವಳು ಹಾಗೇ ನಿಂತಳು. ಬೆರಳನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಶಾಂತಲಾ, ಒಂದ್ ಫೋನ್ ಮಾಡ್ಕೊಡೇ. ಸನ್ಮಾನದ ದಿನ ಆ ರವಿಕೇನ ಎಲ್ಲರ ಮುಂದೆ ಎತ್ತಿ ತೋರಿಸ್ತಾರಂತೆ. ಕಲೆ ಆಗಿದ್ರೆ ನಾಚಿಕೆಗೇಡು. ಕೇಳ್ಬುಡ್ತೀನಿ" ಅಂದಳು.

ನಮ್ಮ ಮನೆಗೆ ಬಂದು ನಂಬರು ಒತ್ತಿದೆ. ರಿಸೀವರಿನ ಇನ್ನೊಂದು ಬದಿಗೆ ನಾನೂ ಕಿವಿ ಆನಿಸಿದೆ.

"ಹೇಳಿ ಅಮ್ಮ, ಕಟ್ಟಿದ್ರಾ?" ಅಂದ ಕಾಂತೇಶ.

"ಹೊರ್ಟಿದೀವಿ ಸಾರ್. ಒಂದ್ ಮಾತು. ನನ್ ಪಾರ್ಸಲ್ ಬಿಚ್ದಾಗ ರವಿಕೆ ಮೇಲೆ ಏನಾದ್ರೂ ಚೆಲ್ಲಿತ್ತಾ ಸಾರ್?"

"ಏನೂ ಚೆಲ್ಲಿರ್ಲಿಲ್ಲ ಅಮ್ಮ. ಜಡ್ಜ್‌ಗಳೇ ಕೈಯಾರೆ ಬಿಚ್ಚಿದ್ರು. ಹೊಳೀತಿತ್ತು."

ಮಂಗಳಕ್ಕ ಉಸಿರು ಬಿಟ್ಟಳು. ಮುಖ ಅರಳಿತು. ಇನ್ನು ಮುಗಿಯಿತು ಅಂದುಕೊಂಡೆ. ಅವಳು ಫೋನಿಡುವ ಮುಂಚೆ, ಬರೀ ಮರ್ಯಾದೆಗೆ ಅನ್ನುವ ಹಾಗೆ, "ಒಳಗಿದ್ದುದ್ನ ಎಸೀಲಿಲ್ಲ ತಾನೆ ಸಾರ್?" ಅಂದಳು.

"ಒಳಗಿದ್ದುದಾ?" ಅಂದ ಅವನು. "ಒಳಗೆ ರವಿಕೆ ಬಿಟ್ರೆ ಇನ್ನೇನಿರುತ್ತೆ ಅಮ್ಮ?"

ಅರಳಿದ ಮುಖ ಹಾಗೇ ನಿಂತಿತು. ರಿಸೀವರು ಹಿಡಿದ ಅವಳ ಬೆರಳಿನ ಕುಂಕುಮ ಬಿಳಿಯ ಪ್ಲಾಸ್ಟಿಕ್ಕಿಗೆ ಮೆತ್ತುತ್ತಿತ್ತು.

"ಬೆನ್ನ ಮೇಲೆ ಏನಿತ್ತು ಸಾರ್?" ಅಂತ ಕೇಳಿದಳು. ದನಿ ಬಹಳ ಸಣ್ಣಗಾಗಿತ್ತು.

"ಅದೇ ಅಮ್ಮ, ಎಂಬ್ರಾಯಿಡರಿ. ನವಿಲು. ಎಂಥಾ ನವಿಲು ಅಂತೀರಿ! ಈಗ ಟೈಮ್ ವೇಸ್ಟ್ ಮಾಡ್ಬೇಡಿ. ಬ್ಯಾಂಕ್ ಮುಚ್ಚೋದ್ರೊಳಗೆ ಕಟ್ಲಿಲ್ಲ ಅಂದ್ರೆ ಕುಣಿಗಲ್ಲಿಂದ ಒಬ್ರು ರೆಡಿ ಇದಾರೆ, ಅವರಿಗೆ ಕೊಟ್ಬಿಡ್ತೀವಿ."

"ಕೊಡಿ ಸಾರ್" ಅಂದಳು ಮಂಗಳಕ್ಕ. "ಅವರ್ದನ್ನಾದ್ರೂ ಬಿಚ್ಚಿ ನೋಡಿ."

ಫೋನಿಟ್ಟಳು. ನಾನು ಕುಣಿದಾಡಬೇಕಿತ್ತು. ನೋಡು ನಾನು ಹೇಳಲಿಲ್ಲವಾ ಅನ್ನಬೇಕಿತ್ತು. ಅವಳ ಮುಖ ನೋಡಿ ರಿಸೀವರಿಗೆ ಮೆತ್ತಿದ ಕುಂಕುಮವನ್ನು ಸೆರಗಿನಿಂದ ಒರೆಸಿದೆ. ಅಷ್ಟರಲ್ಲಿ ಭಾವ ಊರುಗೋಲು ಊರುತ್ತಾ ಒಳಗೆ ಬಂದು, "ಹೊತ್ತಾಯ್ತು, ಬ್ಯಾಂಕ್ ಮುಚ್ತಾರೆ" ಅಂದರು.

"ಅವ್ರು ಬಿಚ್ಚೇ ನೋಡಿಲ್ಲ ಕಣ್ರೀ."

"ಏನು?"

"ನನ್ ರವಿಕೆ. ಬಿಚ್ಚಿಲ್ಲ. ಯಾರೂ ನೋಡಿಲ್ಲ."

ಭಾವನಿಗೆ ನಂಬಲು ಇಷ್ಟವಿಲ್ಲ. "ನೂರಾರು ಬಂದಿರ್ತವೆ, ಮರ್ತಿರ್ತಾನೆ. ಮ್ಯಾನೇಜರ್ ಅವ್ನು, ಜಡ್ಜ್ ಅಲ್ವಲ್ಲ" ಅಂದರು. ಅಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಭಾವ ಕೈ ಚಾಚಿದರು. ಮಂಗಳಕ್ಕ ರಿಸೀವರಿನ ಮೇಲೆ ತನ್ನ ಕೈ ಇಟ್ಟು ಒತ್ತಿ ಹಿಡಿದಳು. ಅದು ಅವಳ ಅಂಗೈ ಕೆಳಗೆ ಹೊಡೆದುಕೊಳ್ಳುತ್ತಲೇ ಇತ್ತು. ಗಂಡ ಹೆಂಡತಿ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತಿದ್ದರು, ಮದುವೆಯಾದ ಮೇಲೆ ಅವರು ಅಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲಿರಬೇಕು. "ಮೊದಲ್ನೇ ಬಹುಮಾನದ ರವಿಕೆ ಬೆನ್ನು ಯಾರಾದ್ರೂ ಮರೀತಾರಾ?" ಅಂದಳು ಅವಳು. ಭಾವ ಚೀಲವನ್ನು ಮೇಜಿನ ಮೇಲೆ ಇಟ್ಟು ಕುರ್ಚಿಗೆ ಕುಸಿದರು. ಫೋನು ಸುಮ್ಮನಾಯಿತು.

ಆಗ ಹೊರಗೆ ಆಟೋ ಸ್ಟಾರ್ಟ್ ಆದ ಸದ್ದು!

ನಾವಿಬ್ಬರೂ ಒಂದೇ ಉಸಿರಿಗೆ ಹೊರಗೆ ಓಡಿದೆವು. ಕಾದು ಬೇಸತ್ತ ಹೊನ್ನಯ್ಯ ಡ್ರೈವರಿನ ಪಕ್ಕ ಕೂತಿದ್ದ. ಆಟೋ ಬೀದಿಯ ತಿರುವಿಗೆ ಮುಟ್ಟಿತ್ತು. ನಾನು ಸೆರಗು ಬಿಗಿದು ಅಡ್ಡ ನಿಂತು ಅದರ ಮೂತಿಗೆ ಬಡಿದೆ.

"ಮಷೀನ್ ಇಳ್ಸಿ ಹೊನ್ನಯ್ನೋರೆ" ಅಂದಳು ಮಂಗಳಕ್ಕ, ಏದುಸಿರು ಬಿಡುತ್ತಾ. "ದುಡ್ ಒಳಗೆ ಹಂಗೇ ಐತೆ, ತಗಂಡೋಗಿ."

ಹೊನ್ನಯ್ಯನಿಗೆ ಸಿಟ್ಟು ನೆತ್ತಿಗೇರಿತು. "ಇದ್ಯಾವ ನ್ಯಾಯ? ದುಡ್ ಎಣಿಸ್ಕಂಡಿದೀರಿ, ಮಷೀನ್ ಗಾಡಿ ಹತ್ತೈತೆ. ಯಾಪಾರ ಮುಗೀತು. ಈಗ ಬ್ಯಾಡ ಅಂದ್ರೆ ಮನೇಲಿ ಸೊಸೆಗೆ ಏನ್ ಹೇಳ್ಲಿ? ನಡಿಯಪ್ಪ ಡ್ರೈವರ್ರು!"

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಬಾಯಿಗೆ ಬರೀ ಬೈಗುಳ ಬರುತ್ತಿತ್ತು, ಬೈದರೆ ಮಷೀನು ಇಳಿಯುವುದಿಲ್ಲ ಅನ್ನುವುದೂ ಗೊತ್ತಿತ್ತು. ಆಟೋ ಗುರುಗುಡುತ್ತಲೇ ಇತ್ತು. ಬೀದಿಯ ಜನ ಬಾಗಿಲಿಗೆ ಬಂದಿದ್ದರು.

ಮಂಗಳಕ್ಕ ದನಿ ಏರಿಸಲಿಲ್ಲ. "ನಿಮ್ಮನೆ ಹೆಣ್ಮಕ್ಳ ರವಿಕೆ ನಮ್ಮನೆಯಿಂದ ಯಾವತ್ತಾದ್ರೂ ಬರಿದಾಗ್ ಬಂದೈತಾ?" ಅಂತ ಕೇಳಿದಳು.

"ಇಲ್ಲ. ಅದಕ್ಕೇನೀಗ?"

"ಮಷೀನಿಗೆ ನಾನಿನ್ನೂ ಕುಂಕುಮ ಇಟ್ಟಿಲ್ಲ. ಇಟ್ಟಿದ್ರೆ ಕೇಳ್ತಿರ್ಲಿಲ್ಲ, ಕೊಟ್ಟಿದ್ದು ಕೊಟ್ಟಂಗೆ. ಈಗ ತಗಂಡೋದ್ರೆ ನಾನ್ ಕೊಟ್ಟಂಗಲ್ಲ, ನೀವು ಹೊತ್ಕಂಡೋದಂಗೆ."

ಹೊನ್ನಯ್ಯ ಅವಳ ಬೆರಳಿನಲ್ಲಿದ್ದ ಕುಂಕುಮ ನೋಡಿದ, ಹಿಂದಕ್ಕೆ ತಿರುಗಿ ಮಷೀನಿನ ಬೋಳು ಹಣೆ ನೋಡಿದ. ಸೊಸೆ ಹೊಸದಾಗಿ ಕೆಲಸ ಶುರು ಮಾಡುವ ಮಷೀನು. ಬಾಯಲ್ಲಿ ಏನೇನೋ ಗೊಣಗಿದ. ಕಡೆಗೆ ಡ್ರೈವರಿನ ಭುಜ ತಟ್ಟಿ, "ಆಫ್ ಮಾಡ್ಲಾ. ಹಗ್ಗ ಬಿಚ್ಚು" ಅಂದ. ಆಟೋ ಬಾಡಿಗೆಯನ್ನು ನಾನೇ ಕೊಟ್ಟೆ. ಅಷ್ಟು ಸಂತೋಷದಿಂದ ನಾನು ಯಾವ ಬಾಡಿಗೆಯನ್ನೂ ಕೊಟ್ಟವಳಲ್ಲ.

ಮಷೀನು ತನ್ನ ಗುರುತಿನ ಮೇಲೆ ಬಂದು ಕೂತಿತು. ಆದರೆ ಅವಳು ತುಳಿಯಲಿಲ್ಲ. ಸೋಮವಾರವೂ ಸದ್ದಿಲ್ಲ, ಮಂಗಳವಾರವೂ ಇಲ್ಲ. ಗೋಡೆಯ ಈಚೆ ಕೂತ ನನಗೆ ಭಯವಾಗತೊಡಗಿತು. ದುಡ್ಡು ಉಳಿಯಿತು, ಮಷೀನು ಉಳಿಯಿತು, ಇನ್ನೇನು ಬೇಕು ಅಂತ ಗದರಿಸಿದರೆ, "ಹೊಲ್ದಿದ್ದು ಯಾರಿಗ್ ಕಾಣ್ಬೇಕು ಬುಡೇ" ಅಂದಳು. ಮೋಸ ಹೋಗುವುದರಿಂದ ತಪ್ಪಿಸಿಕೊಂಡವಳು ಅವಳು, ಆದರೂ ಏನೋ ಕಳೆದುಕೊಂಡಿದ್ದಳು. ಅದನ್ನು ಯಾವ ಬ್ಯಾಂಕಿನಿಂದ ವಾಪಸು ತರುವುದು?

ನಾನಂತೂ ಸುಮ್ಮನಿರಲಿಲ್ಲ. ಗಂಡನನ್ನು ಎಳೆದುಕೊಂಡು ಹೋಗಿ ಪೊಲೀಸರಿಗೆ ದೂರು ಕೊಟ್ಟೆ. ಕೆಲವು ದಿನಕ್ಕೆ ಪುಟ್ಟರಂಗಯ್ಯ ಅನ್ನುವ ಕಾನ್‌ಸ್ಟೇಬಲ್ಲು ಫೋನ್ ಮಾಡಿ, ರೂಮಿನ ಬೀಗ ತೆಗೆಸಿದ್ದೇವೆ, ನಿಮ್ಮ ಪಾರ್ಸಲ್ ಇದೆಯಾ ನೋಡಿ ಬನ್ನಿ ಅಂದ. ಮಂಗಳಕ್ಕ ಬರುವುದಿಲ್ಲ ಅಂದಳು. ನಾನು ಬಿಡಲಿಲ್ಲ.

ಶಿರಾ ಗೇಟಿನ ಆ ರೂಮಿನಲ್ಲಿ ಒಂದು ಮುರುಕು ಕುರ್ಚಿಯೂ ಇರಲಿಲ್ಲ. ಕಾಂತೇಶ ಅನ್ನುವವನು ಬೋರ್ಡು ಬಿಟ್ಟು ಮಿಕ್ಕದ್ದೆಲ್ಲ ಹೊತ್ತು ಪರಾರಿಯಾಗಿದ್ದ. ಮೂಲೆಯಲ್ಲಿ ಪಾರ್ಸಲುಗಳ ರಾಶಿ, ಒಂದನ್ನೂ ಬಿಚ್ಚಿರಲಿಲ್ಲ. ಯಾಕೆ ಬಿಚ್ಚುತ್ತಾನೆ? ಶುಲ್ಕ ಮನಿಯಾರ್ಡರಿನಲ್ಲಿ ಬರುತ್ತಿತ್ತು, ಹೆಸರು ಮತ್ತು ಫೋನ್ ನಂಬರು ಮೇಲೆಯೇ ಬರೆದಿತ್ತು. ಎಲ್ಲರಿಗೂ ಮೊದಲನೇ ಬಹುಮಾನ. ಪುಟ್ಟರಂಗಯ್ಯ ಹೇಳಿದ ಪ್ರಕಾರ ಕುಣಿಗಲ್ಲಿನಲ್ಲಿ ಒಬ್ಬಳು, ಚೇಳೂರಿನಲ್ಲಿ ಒಬ್ಬಳು, ತುಮಕೂರಿನಲ್ಲೇ ಹಲವರು ದುಡ್ಡು ಕಟ್ಟಿ ಕೈ ಸುಟ್ಟುಕೊಂಡಿದ್ದರು.

ತನ್ನ ಹೊಲಿಗೆಯನ್ನು ಮಂಗಳಕ್ಕ ದೂರದಿಂದಲೇ ಗುರುತು ಹಿಡಿದಳು. ನಾಲ್ಕೂ ಬದಿಯ ಒತ್ತು ಹೊಲಿಗೆ ಹಾಗೇ ಇತ್ತು. ಕತ್ತರಿ ಕೇಳಿ ಪಡೆದು ಬಿಚ್ಚಿದಳು. ಬಾಡಿದ ಅಡಿಕೆ, ಅರಿಶಿನದ ಕೊಂಬು, ಪೊಟ್ಟಣ. ಕುಂಕುಮ ಒಂದು ಕಣವೂ ಚೆಲ್ಲಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಅವಳು ಅಳಲಿಲ್ಲ.

"ಅಮ್ಮಾ, ಎಲ್ಲ ಹೆಂಗಸರ ಬಟ್ಟೆ. ನನಗೆ ಸಂಕೋಚ" ಅಂದ ಪುಟ್ಟರಂಗಯ್ಯ. "ಯಾವುದ್ರಲ್ಲಿ ಏನಿದೆ ನೀವೇ ಬಿಚ್ಚಿ ಹೇಳ್ಬಿಡಿ. ವಾಪಸ್ ಕಳಿಸ್ಬೇಕು."

ಮಂಗಳಕ್ಕ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕೂತಳು. ಮೊದಲನೆಯದನ್ನು ಬಿಚ್ಚಿ ಹರಡಿದಳು. ಸುಮ್ಮನೆ ಬಿಚ್ಚಿ ಪಕ್ಕಕ್ಕಿಡುತ್ತಾಳೆ ಅಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದಳು, ಕಂಕುಳಿನ ಜೋಡಣೆಗೆ ಬೆರಳಾಡಿಸಿದಳು, ಒಳಮಗ್ಗುಲು ತಿರುವಿ ನೋಡಿದಳು. "ಇವಳ ಕಟಿಂಗ್ ಚೆನ್ನಾಗೈತೆ, ಅವಸರ ಮಾಡವ್ಳೆ." "ಈ ಮಗೂಗೆ ಯಾರೋ ಪೈಪಿಂಗ್ ತಪ್ಪಾಗ್ ಕಲಿಸವ್ರೆ." ಟೈರ್ ಅಂಗಡಿಯ ಸುತ್ತಿಗೆ ಸದ್ದು, ಲಾರಿಗಳ ಹಾರನ್ನು ಯಾವುದೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಪುಟ್ಟರಂಗಯ್ಯ ಎರಡು ಸಲ ಚಹಾ ತರಿಸಿದ. ಬೇಗ ಮುಗಿಸು ಅಂದರೆ, "ಯಾರಾದ್ರೂ ಒಬ್ರು ನೋಡ್ಬೇಕಲ್ಲ ಕಣೇ" ಅಂದಳು.

ಕಡೆಯದರಲ್ಲಿ ಒಂದು ಸಾದಾ ನೂಲಿನ ರವಿಕೆಯಿತ್ತು. ಬಣ್ಣವಿಲ್ಲ, ಚಿತ್ತಾರವಿಲ್ಲ. ಮಂಗಳಕ್ಕ ಒಳಮಗ್ಗುಲು ತಿರುವಿದಳು, ಮತ್ತೆ ಹೊರಮಗ್ಗುಲು, ಮತ್ತೆ ಒಳಗೆ. ಯಾವುದು ಒಳಗು ಯಾವುದು ಹೊರಗು ಅಂತಲೇ ತಿಳಿಯುತ್ತಿರಲಿಲ್ಲ, ಹೊಲಿಗೆ ಎರಡೂ ಕಡೆ ಒಂದೇ ಸಮ. ಬಹಳ ಹೊತ್ತು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಮೇಲಿನ ಹೆಸರು ತಿಪ್ಪಮ್ಮ, ಚೇಳೂರು. "ಇದನ್ನ ಪೋಸ್ಟಿಗೆ ಹಾಕ್ಬೇಡಿ ಸಾರ್, ನಾನೇ ತಲುಪಿಸ್ತೀನಿ" ಅಂದಳು. ಪುಟ್ಟರಂಗಯ್ಯ ಸಹಿ ಹಾಕಿಸಿಕೊಂಡು ಕೊಟ್ಟ.

ಚೇಳೂರಿಗೆ ಗುಬ್ಬಿಯಿಂದ ಬಸ್ಸು. ತಿಪ್ಪಮ್ಮನ ಅಂಗಳದಲ್ಲಿ ಅವಳ ಅತ್ತೆ ರಾಗಿ ಹಸನು ಮಾಡುತ್ತಿದ್ದಳು. ತಿಪ್ಪಮ್ಮ ಇನ್ನೂ ಸಣ್ಣ ಪ್ರಾಯದವಳು. ಕಿವಿಯಲ್ಲಿ ಓಲೆಯ ಜಾಗದಲ್ಲಿ ಪೊರಕೆ ಕಡ್ಡಿ. ಸ್ಪರ್ಧೆ ಅನ್ನುವ ಮಾತು ಕೇಳುತ್ತಲೇ ಅವಳ ಮುಖ ಬಿಳುಚಿತು. "ನಾನ್ ಏನೂ ಕಳ್ಸಿಲ್ಲ, ನಂಗೇನೂ ಗೊತ್ತಿಲ್ಲ, ಹೋಗಿ" ಅಂದು ಬಾಗಿಲು ಅರ್ಧ ಮುಚ್ಚಿದಳು. ಅತ್ತೆ ಮೊರ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದಳು. ನನ್ನ ಬಾಯಿಂದ ಒಂದು ತಪ್ಪು ಮಾತು ಬಂದರೂ ಆ ಹುಡುಗಿಯ ಸಂಸಾರ ಆ ಅಂಗಳದಲ್ಲೇ ಹರಾಜಾಗುತ್ತಿತ್ತು.

"ಹೊಲ್ಗೆ ಬಟ್ಟೆ ವಾಪಸ್ ಕೊಡೋಕ್ ಬಂದಿದೀವಿ ಅಷ್ಟೇ ಕಣವ್ವ" ಅಂತ ಮಂಗಳಕ್ಕ ಅತ್ತೆಗೆ ಕೇಳುವ ಹಾಗೆ ಹೇಳಿ, ಬಾಗಿಲ ಸಂದಿಯಲ್ಲಿ ರವಿಕೆ ಚಾಚಿದಳು. ಮಡಿಕೆಯೊಳಗೆ ಅರಿಶಿನದ ಕೊಂಬು, ಕುಂಕುಮ. ಆಮೇಲೆ ದನಿ ತಗ್ಗಿಸಿ, "ನಂಗೂ ಅದೇ ಫೋನ್ ಬಂದಿತ್ತು. ಎಲ್ಲರ ರವಿಕೇನೂ ನಾನೇ ಬಿಚ್ಚಿ ನೋಡ್ದೆ. ಒಂದೂ ಬಿಡದೆ. ನಿಂದೇ ಮೊದಲ್ನೇದು" ಅಂದಳು. "ಒಳಗೂ ಹೊರಗೂ ಒಂದೇ ಸಮ ಹೊಲ್ದಿದೀಯ. ಅದು ನಂಗೂ ಬರಲ್ಲ."

ತಿಪ್ಪಮ್ಮ ರವಿಕೆಯನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡು ಬಾಯಿಗೆ ಒತ್ತಿಕೊಂಡಳು. ಓಲೆ ಮಾರಿ ಕಟ್ಟಿದ ದುಡ್ಡು ಹೋದಾಗ ಅಳಲಾಗದೆ ನುಂಗಿದ್ದೆಲ್ಲ ಆಗ ಸದ್ದಿಲ್ಲದೆ ಬಂತು. ಕಣ್ಣೊರೆಸಿಕೊಂಡು, "ನಿಮ್ದೂ ಇತ್ತಾ ಅಕ್ಕ?" ಅಂತ ಕೇಳಿದಳು.

"ಇತ್ತು. ಎರಡ್ನೇದು."

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ಹೊಂಬಾಳೆಯ ಆ ಬೆನ್ನು ಮುಂದಿಟ್ಟರೆ ಯಾರು ತಾನೆ ಎರಡನೆಯದು ಅಂದಾರು? "ಅಕ್ಕಾ, ಆ ಹುಡುಗಿ ಸಮಾಧಾನಕ್ಕೆ ಹಂಗಂದೆ ಅಲ್ವಾ? ನಿಜ ಹೇಳು" ಅಂದೆ.

ಅವಳು ನನ್ನ ಕಡೆ ತಿರುಗಿದಳು. ಅಷ್ಟು ವರ್ಷದಲ್ಲಿ ಅವಳಿಗೆ ನನ್ನ ಮೇಲೆ ಅಷ್ಟು ಸಿಟ್ಟು ಬಂದದ್ದು ನಾನು ನೋಡಿರಲಿಲ್ಲ.

"ಸುಳ್ಳು ಬಹುಮಾನ ಕೊಡೋಕೆ ನಾನೇನ್ ಅವ್ನೇನೇ?" ಅಂದಳು.

ಮಾರನೆಯ ಬೆಳಿಗ್ಗೆ ಗೋಡೆಯ ಆಚೆ ಮಷೀನಿನ ಸದ್ದು ಕೇಳಿಸಿತು.